ಎರಡು ಇಂಚಿನ ಲೆಕ್ಕ

ಹಳೆಯ ಕಾರು ಇಟ್ಟುಕೊಂಡವರ ಡಿಕ್ಕಿಯನ್ನು ಒಮ್ಮೆ ತೆಗೆದು ನೋಡಿ. ಸ್ಟೆಪ್ನಿ, ಜಾಕು, ನೀರಿನ ಕ್ಯಾನು, ಒಂದಷ್ಟು ಹರಕು ಬಟ್ಟೆ ಇರುತ್ತವೆ. ಅವುಗಳ ಅಡಿಯಲ್ಲಿ, ಸುತ್ತಿದ ರಟ್ಟಿನ ಪಟ್ಟಿಯನ್ನೂ ಬಿಚ್ಚದ ಹೊಸ ಫ್ಯಾನ್ ಬೆಲ್ಟೊಂದು ಇದ್ದೇ ಇರುತ್ತದೆ. ‘ಇದೆಲ್ಲಿಂದ ತಂದಿರಿ?’ ಎಂದು ಕೇಳಿದರೆ ಮಾಲೀಕರು ಉತ್ಸಾಹದಿಂದ ಹೇಳುತ್ತಾರೆ. ಯಾವ ಊರು, ಯಾವ ಅಂಗಡಿ, ಎಷ್ಟು ಚೌಕಾಸಿ ಮಾಡಿದ್ದು ಎಲ್ಲವೂ ನೆನಪಿರುತ್ತದೆ. ‘ಇದನ್ನು ಒಮ್ಮೆಯಾದರೂ ಹಾಕಿ ನೋಡಿದ್ದೀರಾ?’ ಎಂದು ಕೇಳಿ. ಸ್ಪೇರ್ ಬೆಲ್ಟನ್ನು ಯಾರಾದರೂ ಹಾಕಿ ನೋಡುತ್ತಾರೆಯೇ ಎಂಬಂತೆ ನಿಮ್ಮ ಮುಖ ನೋಡುತ್ತಾರೆ.

ನಾನೂ ಹಾಗೆ ನೋಡುವವರ ಪೈಕಿಯೇ ಆಗಿದ್ದೆ. 2003ರ ನವೆಂಬರಿನ ಒಂದು ಭಾನುವಾರದವರೆಗೆ.

ನಮ್ಮದು 1984ರ ಅಂಬಾಸಡರ್. ಅಪ್ಪ ಕೊಂಡದ್ದು, ಅವರ ನಂತರ ನನಗೆ ಬಂದದ್ದು. 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಬಾನೆಟ್ಟು ಎತ್ತಿದರೆ ಒಬ್ಬ ಮನುಷ್ಯ ಒಳಗೆ ಕೂತು ಕೆಲಸ ಮಾಡಬಹುದಾದಷ್ಟು ಜಾಗ. ಎಂಜಿನ್ನಿನ ಮುಂಭಾಗದಲ್ಲಿ ಮೂರು ಪುಲ್ಲಿಗಳು ತ್ರಿಕೋನವಾಗಿ ನಿಂತಿವೆ. ಕೆಳಗಿನದು ಎಂಜಿನ್ನಿನ ಮುಖ್ಯ ದಂಡದ್ದು. ನಡುವಿನದು ನೀರಿನ ಪಂಪಿನದು, ಅದರ ಮೂತಿಗೇ ಫ್ಯಾನು. ಪಕ್ಕದ್ದು ಡೈನಮೊ. ಈ ಮೂರನ್ನೂ ಸುತ್ತಿಕೊಂಡು ಒಂದೇ ಒಂದು ರಬ್ಬರ್ ಬೆಲ್ಟು ಓಡುತ್ತದೆ. ಅದು ನಿಂತರೆ ನೀರು ತಿರುಗುವುದಿಲ್ಲ, ಗಾಳಿ ಬೀಸುವುದಿಲ್ಲ, ಬ್ಯಾಟರಿಗೆ ಕರೆಂಟು ಹೋಗುವುದಿಲ್ಲ. ಒಂದು ಟನ್ನಿಗೂ ಮಿಕ್ಕಿದ ಗಾಡಿಯ ಮಾನ ಒಂದು ಗೇಣು ರಬ್ಬರಿನ ಮೇಲೆ ನಿಂತಿದೆ ಎನ್ನಿ.

ಆ ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಫೋನು ಬಂತು. ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ಅಲ್ಲಿನ ಒಂದು ಆಸ್ಪತ್ರೆಗೆ ಸೇರಿ ಮೂರು ದಿನವಾಗಿತ್ತು. ಬಂದು ನೋಡಿಕೊಂಡು ಹೋಗುವುದು ಒಳ್ಳೆಯದು ಎಂದರು. ಅಂಥ ಮಾತಿನ ಅರ್ಥ ಎಲ್ಲರಿಗೂ ಗೊತ್ತಿರುತ್ತದೆ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂಬತ್ತಕ್ಕೆ ಬೆಳ್ತಂಗಡಿಯಿಂದ ಹೊರಟೆ. ಉಜಿರೆ ದಾಟಿ, ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರಬೇಕು ಎಂಬ ಲೆಕ್ಕ.

ಘಾಟಿಯ ಅರ್ಧ ಹತ್ತಿರಬೇಕು, ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ‘ಡೈನಮೊ ಕೆಲಸ ಮಾಡುತ್ತಿಲ್ಲ’ ಎಂದು ಹೇಳುವ ದೀಪ ಅದು. ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ ಬಾನೆಟ್ಟು ಎತ್ತಿದೆ. ಬೆಲ್ಟು ತುಂಡಾಗಿ ಸತ್ತ ಹಾವಿನಂತೆ ಕೆಳಗೆ ಬಿದ್ದಿತ್ತು.

ನಿಜ ಹೇಳುತ್ತೇನೆ, ನನಗೆ ಗಾಬರಿಯಾಗಲಿಲ್ಲ. ಒಳಗೊಳಗೇ ಸ್ವಲ್ಪ ಖುಷಿಯೇ ಆಯಿತು. ಡಿಕ್ಕಿಯಲ್ಲಿ ಸ್ಪೇರ್ ಬೆಲ್ಟು ಇತ್ತಲ್ಲ! ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಹುಡುಕಿ ತಂದದ್ದು. ಅಷ್ಟರಲ್ಲಿ ಮೂಡಿಗೆರೆ ಕಡೆಗೆ ಹೋಗುವ ಬಸ್ಸೊಂದು ಹತ್ತಿಕೊಂಡು ಬಂತು. ಡ್ರೈವರು ನಿಧಾನ ಮಾಡಿ, ‘ಬರ್ತೀರಾ?’ ಎಂಬಂತೆ ನೋಡಿದ. ಅಮ್ಮ ನನ್ನ ಮುಖ ನೋಡಿದರು. ‘ಹತ್ತು ನಿಮಿಷದ ಕೆಲಸ, ನೀನು ಕೂತಿರು’ ಎಂದೆ. ಬಸ್ಸಿಗೆ ಹೋಗೆಂದು ಕೈ ಬೀಸಿದೆ.

ಹೊಸ ಬೆಲ್ಟು ಪುಲ್ಲಿಗಳ ಮೇಲೆ ಸಲೀಸಾಗಿ ಕೂತಿತು. ಇಷ್ಟು ಸುಲಭವಾಗಿ ಕೂರಬಾರದು ಎಂದು ಆಗಲೇ ಹೊಳೆಯಬೇಕಿತ್ತು. ಡೈನಮೊವನ್ನು ಹಿಡಿದಿರುವ ಪಟ್ಟಿಯಲ್ಲಿ ಉದ್ದನೆಯ ಸೀಳು ಇರುತ್ತದೆ. ಬೋಲ್ಟು ಸಡಿಲಿಸಿ ಡೈನಮೊವನ್ನು ಹೊರಕ್ಕೆ ಎಳೆದರೆ ಬೆಲ್ಟು ಬಿಗಿಯಾಗುತ್ತದೆ. ಎಳೆದೆ. ಸೀಳಿನ ಕೊನೆಯವರೆಗೂ ಎಳೆದೆ. ಬೆಲ್ಟು ಇನ್ನೂ ಜೋಕಾಲಿಯಂತೆ ತೂಗುತ್ತಿತ್ತು. ಹೇಗೋ ಆದೀತೆಂದು ಗಾಡಿ ಸ್ಟಾರ್ಟ್ ಮಾಡಿದೆ. ಕಿರ್ರೆಂದು ಕಿರುಚಿ ಬೆಲ್ಟು ಜಾರತೊಡಗಿತು. ಒಂದು ಕಿಲೋಮೀಟರು ಹತ್ತುವಷ್ಟರಲ್ಲಿ ರೇಡಿಯೇಟರಿನ ಮುಚ್ಚಳದಿಂದ ಹಬೆ ಎದ್ದಿತು. ಆ ಹೊತ್ತಿಗೆ ಎರಡನೆಯ ಬಸ್ಸೂ ದಾಟಿ ಹೋಗಿತ್ತು.

ಬೆಲ್ಟು ಹೊಸದು. ಕಂಪನಿ ಒಳ್ಳೆಯದು. ಅಗಲ ಸರಿ ಇತ್ತು. ಉದ್ದ ಮಾತ್ರ ಎರಡು ಇಂಚು ಹೆಚ್ಚು. ಆ ಎರಡು ಇಂಚು ಎಲ್ಲಿಂದ ಬಂತೆಂಬುದನ್ನು ಹೇಳುವುದಕ್ಕೇ ಈ ವಾರದ ಪುಟ.

ಮೊದಲು ಬೆಲ್ಟಿನ ಗುಣ ತಿಳಿಯೋಣ. ನಮ್ಮ ಹಳೆಯ ಅಕ್ಕಿ ಗಿರಣಿಗಳಲ್ಲಿ ಅಗಲವಾದ ಚಪ್ಪಟೆ ಪಟ್ಟಿ ದೊಡ್ಡ ಚಕ್ರದಿಂದ ಸಣ್ಣ ಚಕ್ರಕ್ಕೆ ಪಟಪಟನೆ ಓಡುತ್ತಿದ್ದುದನ್ನು ಹಿರಿಯರು ನೋಡಿರುತ್ತೀರಿ. ಆ ಪಟ್ಟಿ ಜಾರದಂತೆ ರಾಳ ಉಜ್ಜುತ್ತಿದ್ದರು. ಕಾರಿನ ಬೆಲ್ಟು ಹಾಗಲ್ಲ. ಅದನ್ನು ಅಡ್ಡ ಕೊಯ್ದು ನೋಡಿದರೆ ಮೇಲೆ ಅಗಲ, ಕೆಳಗೆ ಕಿರಿದು. ಇಂಗ್ಲಿಷಿನ ‘ವಿ’ ಅಕ್ಷರದ ತುದಿ ಕತ್ತರಿಸಿದ ಹಾಗೆ. ಅದಕ್ಕೇ ವಿ-ಬೆಲ್ಟ್ ಎಂಬ ಹೆಸರು. ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ಎಂಬಾತ 1917ರಲ್ಲಿ ರಬ್ಬರು ಮತ್ತು ಬಟ್ಟೆಯಿಂದ ಇಂಥ ಬೆಲ್ಟು ಮಾಡಿದ. ಅಲ್ಲಿಂದಾಚೆಗೆ ಮೋಟಾರು ಗಾಡಿಗಳಿಗೆ ಇದೇ ಗತಿಯಾಯಿತು.

ಇದರ ಗುಟ್ಟು ಬೆಣೆಯ ಗುಟ್ಟು. ಕೊಡಲಿಯ ಕಾವು ಅಲ್ಲಾಡಿದರೆ ಬೆಣೆ ಹೊಡೆಯುತ್ತೇವೆ. ಸಣ್ಣ ಪೆಟ್ಟಿಗೂ ಅದು ಎರಡೂ ಕಡೆ ಬಲವಾಗಿ ಒತ್ತುತ್ತದೆ. ಬೆಲ್ಟು ಪುಲ್ಲಿಯ ಕಾಲುವೆಯೊಳಗೆ ಹೀಗೆಯೇ ಬೆಣೆಯಾಗಿ ಕೂರುತ್ತದೆ. ಅದರ ಎರಡು ಬದಿಗಳ ನಡುವಿನ ಕೋನ ಸುಮಾರು 40 ಡಿಗ್ರಿ. ಲೆಕ್ಕ ಹಾಕಿದರೆ, ಅಷ್ಟೇ ಬಿಗಿಯ ಚಪ್ಪಟೆ ಪಟ್ಟಿಗಿಂತ ಇದರ ಹಿಡಿತ ಸುಮಾರು ಮೂರು ಪಟ್ಟು ಹೆಚ್ಚು. ಹಿಡಿಯುವುದು ಬದಿಗಳು, ತಳವಲ್ಲ. ತಳ ಎಂದೂ ಪುಲ್ಲಿಯ ಕಾಲುವೆಯ ನೆಲಕ್ಕೆ ತಾಗಬಾರದು. ತಾಗಿತೋ, ಬೆಣೆಯ ಕೆಲಸ ಮುಗಿಯಿತು. ಆಮೇಲೆ ಅದು ಬರೀ ಪಟ್ಟಿ, ಜಾರುತ್ತದೆ.

ಆದ್ದರಿಂದ ಬೆಲ್ಟು ಆರಿಸುವಾಗ ಮೊದಲ ಪ್ರಶ್ನೆ ಉದ್ದದ್ದಲ್ಲ, ಅಗಲದ್ದು. ಸರಿಯಾದ ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಸಮನಾಗಿ, ಅಥವಾ ಕೂದಲೆಳೆಯಷ್ಟು ಮೇಲೆ ಇರುತ್ತದೆ. ಅಂಚಿಗಿಂತ ಒಳಗೆ ಹೂತು ಹೋಗಿದ್ದರೆ ಬೆಲ್ಟು ಕಿರಿದು, ಇಲ್ಲವೇ ಪುಲ್ಲಿ ಸವೆದಿದೆ. ಹಳೆಯ ಬೆಲ್ಟು ತೆಗೆದಾಗ ಅದರ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ನೆಲ ಕಂಡಿದೆ ಎಂದೇ ಅರ್ಥ. ಅಂಥದ್ದನ್ನು ಮಾದರಿಗೆ ಹಿಡಿದುಕೊಂಡು ‘ಇದೇ ಥರದ್ದು ಕೊಡಿ’ ಎಂದರೆ, ಹಳೆಯ ತಪ್ಪನ್ನೇ ಹೊಸದಾಗಿ ದುಡ್ಡು ಕೊಟ್ಟು ತಂದಂತೆ.

ಇನ್ನು ಉದ್ದ. ನಾನು ಎಡವಿದ್ದು ಇಲ್ಲಿಯೇ.

ಜೆ.ಸಿ. ರಸ್ತೆಗೆ ಹೋಗುವ ಮೊದಲು ನಾನು ಬಹಳ ಜಾಣನಂತೆ ಗಾಡಿಯ ಬೆಲ್ಟು ಬಿಚ್ಚಿ, ದರ್ಜಿಯ ಟೇಪನ್ನು ಅದರ ಬೆನ್ನಿನ ಮೇಲೆ ಸುತ್ತಿ ಅಳೆದುಕೊಂಡಿದ್ದೆ. ಬಂದ ಅಂಕಿಯನ್ನು ಇಲ್ಲಿ 36 ಇಂಚು ಎನ್ನೋಣ. ದಯವಿಟ್ಟು ಇದನ್ನು ನಿಮ್ಮ ಗಾಡಿಗೆ ಹಚ್ಚಬೇಡಿ. ಅಂಗಡಿಯಲ್ಲಿ ‘ಅಂಬಾಸಡರ್ ಬೆಲ್ಟ್ ಕೊಡಿ’ ಎಂದೆ. ಕೌಂಟರಿನ ಹುಡುಗ ಪಟಪಟನೆ ಪ್ರಶ್ನೆ ಹಾಕಿದ. ಪೆಟ್ರೋಲಾ ಡೀಸೆಲ್ಲಾ? ಹಳೇ ಎಂಜಿನ್ನಾ ಇಸುಜುನಾ? ಡೈನಮೊನಾ ಆಲ್ಟರ್ನೇಟರಾ? ಎ.ಸಿ. ಕೂರಿಸಿದ್ದೀರಾ? ಪ್ರಶ್ನೆಗಳೆಲ್ಲ ಸರಿಯಾದವೇ. ಹೊರಗಿನಿಂದ ಅಂಬಾಸಡರ್ ಹುಟ್ಟಿದಾಗಿನಿಂದ ಒಂದೇ ಥರ ಕಂಡರೂ ಒಳಗಿನ ಎಂಜಿನ್ನು ಹಲವು ಸಲ ಬದಲಾಗಿದೆ. ನನಗೆ ಮಾತ್ರ ಆ ಹುಡುಗ ತನ್ನ ವಿದ್ಯೆ ಪ್ರದರ್ಶಿಸುತ್ತಿದ್ದಾನೆ ಅನ್ನಿಸಿತು. ‘ಅದೆಲ್ಲ ಯಾಕಪ್ಪಾ, ಅಳತೆ ನನ್ನ ಹತ್ತಿರ ಇದೆ, 36 ಇಂಚು’ ಎಂದೆ. ಅವನು ತಲೆಯಾಡಿಸಿ ಮೊಳೆಯಿಂದ ಒಂದು ಬೆಲ್ಟು ಇಳಿಸಿಕೊಟ್ಟ. ಅದರ ಬೆನ್ನ ಮೇಲೆ ‘ಎ 36’ ಎಂದು ಬರೆದಿತ್ತು. ನಾನು ಕೇಳಿದ್ದನ್ನೇ ಅವನು ಕೊಟ್ಟಿದ್ದ. ತಪ್ಪು ಅಂಗಡಿಯದಲ್ಲ.

‘ಎ’ ಎಂಬುದು ಬೆಲ್ಟಿನ ಅಗಲದ ಗುರುತು. ಮೇಲ್ಭಾಗ 13 ಮಿಲಿಮೀಟರು ಅಗಲ, 8 ಮಿಲಿಮೀಟರು ದಪ್ಪ. ‘ಬಿ’ ಎಂದರೆ 17 ಅಗಲ, 11 ದಪ್ಪ. ಮುಂದಿನ 36 ಇಂಚುಗಳ ಲೆಕ್ಕ ನಿಜವೇ, ಆದರೆ ಅದು ಬೆಲ್ಟಿನ ಒಳ ಅಳತೆ. ನಾನು ಅಳೆದದ್ದು ಹೊರಗಿನಿಂದ.

‘ಒಳಗೇನು, ಹೊರಗೇನು, ಅಷ್ಟು ತೆಳ್ಳಗಿನ ಬೆಲ್ಟಿನಲ್ಲಿ ಎಷ್ಟು ವ್ಯತ್ಯಾಸ ಬಂದೀತು?’ ಎಂದು ನೀವು ಕೇಳಬಹುದು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವವರನ್ನು ನೋಡಿ. ಗರ್ಭಗುಡಿಯ ಗೋಡೆಗೆ ಒತ್ತಿಕೊಂಡು ಸುತ್ತುವವರಿಗಿಂತ ಹೊರಗಿನ ಸಾಲಿನಲ್ಲಿ ಸುತ್ತುವವರು ಹೆಚ್ಚು ನಡೆಯಬೇಕು. ಎಷ್ಟು ಹೆಚ್ಚು? ಗುಡಿ ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಅದು ನಿಂತಿಲ್ಲ. ಎರಡು ಸಾಲುಗಳ ನಡುವಿನ ಅಂತರ ಎಷ್ಟೋ ಅದರ ಸುಮಾರು ಆರೂಕಾಲು ಪಟ್ಟು, ಅಷ್ಟೆ. ಬೆಲ್ಟಿನ ದಪ್ಪ 8 ಮಿಲಿಮೀಟರು. ಅದರ ಆರೂಕಾಲು ಪಟ್ಟು ಎಂದರೆ 50 ಮಿಲಿಮೀಟರು. ಎರಡು ಇಂಚು! ಶಾಲೆಯಲ್ಲಿ ವೃತ್ತದ ಸುತ್ತಳತೆಯ ಸೂತ್ರ ಬಾಯಿಪಾಠ ಮಾಡಿದ್ದ ನಾನು ಅದನ್ನು ಅಂಗಡಿಯ ಕೌಂಟರಿನ ಮುಂದೆ ಬಳಸಲಿಲ್ಲ. ಘಾಟಿಯ ಮೇಲೆ ಅದರ ಬೆಲೆ ತೆತ್ತೆ.

ಹಬೆ ಏಳುತ್ತಿದ್ದ ಗಾಡಿಯ ಪಕ್ಕದಲ್ಲಿ ನಿಂತಿದ್ದಾಗ ಮೇಲಿನಿಂದ ಇಳಿದು ಬಂದ ಲಾರಿಯ ಡ್ರೈವರೊಬ್ಬರು ಗಾಡಿ ನಿಲ್ಲಿಸಿದರು. ಮೊದಲು ಮಾಡಿದ ಕೆಲಸ, ರೇಡಿಯೇಟರಿನ ಮುಚ್ಚಳ ತೆಗೆಯಲು ಹೋದ ನನ್ನ ಕೈ ಹಿಡಿದದ್ದು. ಕುದಿಯುವ ನೀರು ಮುಖಕ್ಕೆ ಹಾರುತ್ತಿತ್ತು. ‘ಮೇಲೆ ಹತ್ತುವ ಆಸೆ ಬಿಡಿ. ತಣ್ಣಗಾದ ಮೇಲೆ ತಿರುಗಿಸಿಕೊಂಡು ಕೆಳಗೆ ಇಳಿಯಿರಿ. ಇಳಿಯುವಾಗ ಎಂಜಿನ್ನಿಗೆ ಕೆಲಸ ಕಮ್ಮಿ, ಬಿಸಿಯೂ ಕಮ್ಮಿ. ಆದರೆ ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಬಂದ್ ಮಾಡಬೇಡಿ, ಗೇರಿನಲ್ಲೇ ಇಳಿಯಿರಿ. ಮುಳ್ಳು ಏರಿದರೆ ನಿಲ್ಲಿಸಿ’ ಎಂದರು. ಹಾಗೆಯೇ ನಿಂತು ನಿಂತು ಇಳಿದೆವು. ಕೆಳಗೆ ಚಾರ್ಮಾಡಿಯಲ್ಲಿ ಜೀಪಿನವರೊಬ್ಬರು ಹಗ್ಗ ಕಟ್ಟಿ ಉಜಿರೆಗೆ ಎಳೆದು ತಂದರು. ಗಂಟೆ ಒಂದೂವರೆ.

ಉಜಿರೆಯಲ್ಲಿ ಬಾಡಿಗೆ ಕಾರು ಸಿಗುತ್ತಿತ್ತು. ಅಮ್ಮನನ್ನು ಅದರಲ್ಲಿ ಕಳಿಸಬಹುದಿತ್ತು. ‘ಅರ್ಧ ಗಂಟೆಯಲ್ಲಿ ಆಗಿಬಿಡುತ್ತದೆ’ ಎಂದುಕೊಂಡೆ. ಅಂದು ನಾನು ಲೆಕ್ಕ ತಪ್ಪಿದ್ದು ಇಂಚಿನಲ್ಲಿ ಮಾತ್ರ ಅಲ್ಲ.

ಭಾನುವಾರವಾದ್ದರಿಂದ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಮುಚ್ಚಿದ್ದವು. ಒಂದು ಗ್ಯಾರೇಜಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಿಕ್ಕಿದರು. ನನ್ನ ಎರಡು ಇಂಚಿನ ಕತೆ ಕೇಳಿ ಅವರು ನಗಲಿಲ್ಲ. ಹರಿದ ಹಳೆಯ ಬೆಲ್ಟನ್ನು ನೋಡಿ, ‘ಇದು ಎಳೆದು ಎಳೆದು ಉದ್ದ ಆಗಿದೆ, ಬದಿ ಸವೆದಿದೆ. ಇದರ ಮಾತು ನಂಬುವ ಹಾಗಿಲ್ಲ’ ಎಂದು ಬದಿಗಿಟ್ಟರು. ಗೋಣಿ ಹೊಲಿಯುವ ಹುರಿ ತೆಗೆದುಕೊಂಡರು. ಡೈನಮೊವನ್ನು ಅದರ ಸೀಳಿನಲ್ಲಿ ಪೂರ್ತಿ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ, ಒಳಗಿನಿಂದ ಮೂರನೇ ಒಂದು ಪಾಲು ದೂರದಲ್ಲಿ ನಿಲ್ಲಿಸಿದರು. ಹುರಿಯನ್ನು ಮೂರೂ ಪುಲ್ಲಿಗಳ ಅಂಚಿನ ಮೇಲೆ, ಕಾಲುವೆಯೊಳಗೆ ಜಾರದಂತೆ ಹಿಡಿದು, ಒಂದು ಸುತ್ತು ತಂದು ಗುರುತು ಮಾಡಿದರು. ಅದನ್ನು ಸ್ಟೀಲಿನ ಸ್ಕೇಲಿಗೆ ಹಿಡಿದು ಅಳೆದು, ‘ಇದು ಹೊರ ಅಳತೆ. ಎರಡು ಇಂಚು ಕಳೆಯಿರಿ. ಎ 34’ ಎಂದರು.

‘ಅಂಬಾಸಡರ್ ಬೆಲ್ಟ್ ಇವತ್ತು ಎಲ್ಲಿ ಸಿಗುತ್ತದೆ?’ ಎಂದು ಕೇಳಿದೆ.

‘ಎಂತ ಮಾರಾಯ್ರೆ, ಬೆಲ್ಟಿಗೆ ತಾನು ಯಾವ ಗಾಡಿಯಲ್ಲಿದ್ದೇನೆ ಅಂತ ಗೊತ್ತುಂಟಾ?’ ಎಂದವರೇ ಹುಡುಗನನ್ನು ಸೈಕಲ್ಲಿನಲ್ಲಿ ಓಡಿಸಿದರು. ಹಿಟ್ಟಿನ ಗಿರಣಿಗೂ, ಅಡಕೆ ತೋಟಕ್ಕೆ ಮದ್ದು ಬಿಡುವ ಪಂಪಿಗೂ ಬೆಲ್ಟು ಮಾರುವ ಅಂಗಡಿಯವರೊಬ್ಬರ ಮನೆಗೆ. ಅವರು ಊಟ ಮುಗಿಸಿ, ನಿದ್ದೆ ಮುಗಿಸಿ ಬಾಗಿಲು ತೆಗೆಯುವ ಹೊತ್ತಿಗೆ ನಾಲ್ಕು ಗಂಟೆ. ಬಂದ ಬೆಲ್ಟು ಪುಲ್ಲಿಯ ಬಾಯಿಗೆ ಅಚ್ಚುಕಟ್ಟಾಗಿ ಕೂತಿತು. ‘ಇದು ತಾತ್ಕಾಲಿಕ. ಗಿರಣಿಯ ಬೆಲ್ಟಿಗೆ ಸುತ್ತ ಬಟ್ಟೆಯ ಹೊದಿಕೆ ಇರುತ್ತದೆ. ಡೈನಮೊದ ಸಣ್ಣ ಪುಲ್ಲಿಯಲ್ಲಿ ಬಗ್ಗಿ ಬಗ್ಗಿ ಬೇಗ ಬಿಸಿಯಾಗುತ್ತದೆ. ಊರಿಗೆ ಬಂದ ಮೇಲೆ ಗಾಡಿಗೆಂದೇ ಮಾಡಿದ, ಕೆಳಗೆ ಹಲ್ಲು ಹಲ್ಲಿರುವುದನ್ನು ಹಾಕಿಸಿ’ ಎಂದರು.

ಆ ಬೆಲ್ಟು ಚಿಕ್ಕಮಗಳೂರಿಗೆ ಹೋಗಿ ವಾಪಸ್ಸು ಬರುವವರೆಗೆ ಒಮ್ಮೆಯೂ ಕಿರುಚಲಿಲ್ಲ.

ಅವರಿಂದ ಕಲಿತದ್ದನ್ನೂ, ಆಮೇಲೆ ನಾನೇ ಮಾಡಿ ನೋಡಿದ್ದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕಿಂತ ಬಹಳ ಮೊದಲೇ ನಿಂತಿತ್ತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಇಂಥ ಗಾಡಿಗಳಿಗೆ ‘ಕಂಪನಿ ಬೆಲ್ಟ್’ ಕೇಳಿದರೆ ಅಂಗಡಿಯವರು ಕೈಯಾಡಿಸುತ್ತಾರೆ. ಹೆದರಬೇಕಿಲ್ಲ. ವಿ-ಬೆಲ್ಟುಗಳನ್ನು ಗೊತ್ತಾದ ಅಳತೆಗಳಲ್ಲಿ ಮಾಡುತ್ತಾರೆ. ಗಾಡಿ ಸತ್ತರೂ ಅದರ ಬೆಲ್ಟಿನ ಅಳತೆ ಸಾಯುವುದಿಲ್ಲ. ಗಾಡಿಯ ಹೆಸರು ಬಿಟ್ಟು ಅಳತೆ ಕೇಳಿ.

ಮೊದಲು ಹಳೆಯ ಬೆಲ್ಟಿನ ಬೆನ್ನನ್ನು ಒಣ ಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ ನೋಡಿ. ಅಳಿಸಿಹೋದ ಅಂಕಿ ಕೆಲವೊಮ್ಮೆ ಎದ್ದು ಬರುತ್ತದೆ. ಅಂಕಿಯ ಭಾಷೆ ಒಂದೇ ಅಲ್ಲ ಎಂಬುದು ನೆನಪಿರಲಿ. ‘ಎ 36’ ಎಂದರೆ ಒಳ ಅಳತೆ, ಇಂಚಿನಲ್ಲಿ. ‘10×900’ ಎಂಬ ಜೊತೆ ಅಂಕಿಯಲ್ಲಿ ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಉದ್ದ. ಅದರ ಹಿಂದೆ ‘ಎಲ್‌ಎ’ ಎಂದಿದ್ದರೆ ಹೊರ ಅಳತೆ, ‘ಎಲ್‌ಐ’ ಎಂದಿದ್ದರೆ ಒಳ ಅಳತೆ. ಈಚಿನ ಗಾಡಿಗಳ ಚಪ್ಪಟೆ, ಗೀರುಗೀರಿನ ಬೆಲ್ಟಿನ ಮೇಲೆ ‘6ಪಿಕೆ1000’ ಎಂದಿದ್ದರೆ ಆರು ಗೀರು, ಸಾವಿರ ಮಿಲಿಮೀಟರು ಉದ್ದ. ಅಂಗಡಿಯಲ್ಲಿ ಅಂಕಿಯೊಂದಿಗೆ ‘ಒಳಗಿನದು’ ಅಥವಾ ‘ಹೊರಗಿನದು’ ಎಂಬ ಒಂದು ಪದ ಸೇರಿಸಿ ಹೇಳಿ. ನಾನು ನುಂಗಿದ್ದು ಆ ಒಂದು ಪದವನ್ನೇ.

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬೆಲ್ಟಿನ ನಂಬರು ಇರುತ್ತದಲ್ಲ ಎನ್ನುವಿರಾ? ಹಳೆಯ ಗಾಡಿ ಎಂದರೆ ಪುಸ್ತಕದಲ್ಲಿರುವ ಗಾಡಿಯಲ್ಲ. ಮೂವತ್ತು ವರ್ಷದಲ್ಲಿ ಯಾರೋ ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿರುತ್ತಾರೆ. ಅದರ ಪುಲ್ಲಿ ಸಾಮಾನ್ಯವಾಗಿ ಡೈನಮೊದ ಪುಲ್ಲಿಗಿಂತ ಚಿಕ್ಕದು. ಬೆಲ್ಟಿನ ಉದ್ದ ಅಲ್ಲಿಗೆ ಬದಲಾಯಿತು. ಯಾರೋ ಬೇರೆ ಗಾಡಿಯ ನೀರಿನ ಪಂಪು ಹಾಕಿರುತ್ತಾರೆ. ಆದ್ದರಿಂದ ಪುಸ್ತಕ ಏನೇ ಹೇಳಲಿ, ಹುರಿ ಹಿಡಿದು ಒಮ್ಮೆ ಅಳೆದು ನೋಡುವುದು ಲೇಸು. ಜಗ್ಗುವ ಪ್ಲಾಸ್ಟಿಕ್ ದಾರ ಬೇಡ. ಡೈನಮೊವನ್ನು ಸೀಳಿನ ಒಳಭಾಗದಲ್ಲಿಟ್ಟು ಅಳೆಯುವುದು ಏಕೆಂದರೆ, ಬೆಲ್ಟು ಹಾಕುವುದಕ್ಕೆ ಒಳಗಡೆ ಸ್ವಲ್ಪ ಜಾಗ ಬೇಕು, ಮುಂದೆ ಅದು ಜಗ್ಗಿದಾಗ ಬಿಗಿ ಮಾಡುವುದಕ್ಕೆ ಹೊರಗಡೆ ಹೆಚ್ಚು ಜಾಗ ಬೇಕು. ಅಂಗಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಒಂದೇ ಬೆರಳಿಗೆ ತೂಗುಹಾಕಿ ನೋಡಿ. ಹೊಸದು ಚೂರು ಗಿಡ್ಡ ಕಂಡರೆ ಒಳ್ಳೆಯ ಲಕ್ಷಣ. ಉದ್ದ ಕಂಡರೆ ಕೈಯಿಂದ ಕೆಳಗಿಡಿ.

ಹಾಕುವಾಗ ಸ್ಕ್ರೂಡ್ರೈವರ್ ತೂರಿಸಿ ಪುಲ್ಲಿಯ ಅಂಚಿನ ಮೇಲೆ ಎಬ್ಬುವುದು ಬೇಡ. ಬೆಲ್ಟಿನ ಒಳಗೆ ಭಾರ ಎಳೆಯುವ ದಾರಗಳಿವೆ. ಅವು ಒಳಗೊಳಗೇ ಹರಿಯುತ್ತವೆ, ಹೊರಗೆ ಕಾಣುವುದಿಲ್ಲ. ಹಾಕಿದ ಮೇಲೆ, ಪುಲ್ಲಿಗಳೆಲ್ಲ ಒಂದೇ ಸಾಲಿನಲ್ಲಿವೆಯೇ ಎಂದು ನೇರ ಪಟ್ಟಿ ಹಿಡಿದು ನೋಡಿ. ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಹೆಚ್ಚುಕಡಿಮೆ ಅರ್ಧ ಇಂಚು ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತದೆ. ಜಾರಬಾರದೆಂದು ವೀಣೆಯ ತಂತಿಯಂತೆ ಬಿಗಿದರೆ ನೀರಿನ ಪಂಪಿನ ಮತ್ತು ಡೈನಮೊದ ಬೇರಿಂಗು ಕೈಕೊಡುತ್ತವೆ. ಬೆಲ್ಟಿನ ದುಡ್ಡು ಉಳಿಸಲು ಹೋಗಿ ಪಂಪಿನ ದುಡ್ಡು ತೆರಬೇಕಾಗುತ್ತದೆ. ಹೊಸ ಬೆಲ್ಟು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ. ಮತ್ತೊಮ್ಮೆ ಬಿಗಿ ಮಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರುಚುತ್ತದೆಂದು ಸಾಬೂನು ಉಜ್ಜುವವರಿದ್ದಾರೆ. ಅದು ಅಳುವ ಮಗುವಿನ ಬಾಯಿ ಮುಚ್ಚಿದಂತೆ. ಸದ್ದು ನಿಲ್ಲುತ್ತದೆ, ಕಾರಣ ಉಳಿಯುತ್ತದೆ.

ಒಂದು ಎಚ್ಚರಿಕೆ. ಈ ಹುರಿಯ ವಿದ್ಯೆ ಫ್ಯಾನ್ ಬೆಲ್ಟಿಗೆ ಮಾತ್ರ. ಎಂಜಿನ್ನಿನ ಒಳಗೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬೇರೆಯೇ ಜಾತಿ. ನಮ್ಮ ಹಳೆಯ ಅಂಬಾಸಡರಿನಲ್ಲಿ ಆ ಕೆಲಸಕ್ಕೆ ಸರಪಳಿ ಇದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಇರುವುದು ಹಲ್ಲಿನ ರಬ್ಬರ್ ಬೆಲ್ಟು. ಆ ಮಾರುತಿಯೂ 2014ರಲ್ಲಿ ನಿಂತು ಈಗ ‘ಹಳೆಯ ಗಾಡಿ’ಗಳ ಪಂಕ್ತಿಗೆ ಸೇರಿದೆ. ಹಲ್ಲಿನ ಬೆಲ್ಟಿನಲ್ಲಿ ಉದ್ದ, ಅಗಲ ಸರಿಯಿದ್ದರೆ ಸಾಲದು. ಹಲ್ಲುಗಳ ಸಂಖ್ಯೆ, ಹಲ್ಲಿನ ಆಕಾರ ಎರಡೂ ಸರಿಯಿರಬೇಕು. ದುಂಡು ಹಲ್ಲಿನ ಚಕ್ರಕ್ಕೆ ಚೌಕ ಹಲ್ಲಿನ ಬೆಲ್ಟು ಹಾಕಿದರೆ ಕೂತಂತೆ ಕಂಡರೂ ಬೇಗ ಹಲ್ಲುದುರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದು ತುಂಡಾದರೆ ಪಿಸ್ಟನ್ನು ವಾಲ್ವಿಗೆ ಗುದ್ದಿ ಇಡೀ ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಅಲ್ಲಿ ಹುರಿಯೂ ಬೇಡ, ಅಂದಾಜೂ ಬೇಡ. ಗಾಡಿ ತಯಾರಕರ ನಂಬರು ನೋಡಿಯೇ ತನ್ನಿ, ಅವರು ಹೇಳಿದ ಕಿಲೋಮೀಟರಿಗೆ ಬದಲಿಸಿ. ತುಂಡಾಗುವವರೆಗೆ ಕಾಯಬೇಡಿ.

ಕೊನೆಯದಾಗಿ ಸ್ಪೇರ್ ಬೆಲ್ಟು. ಕೊಂಡ ದಿನವೇ ಅದನ್ನು ಗಾಡಿಗೆ ಹಾಕಿ, ಒಂದು ವಾರ ಓಡಿಸಿ, ಆಮೇಲೆ ಬಿಚ್ಚಿ ಡಿಕ್ಕಿಯಲ್ಲಿಡಿ. ಅಥವಾ ಹೊಸದನ್ನು ಗಾಡಿಯಲ್ಲೇ ಬಿಟ್ಟು, ಇನ್ನೂ ಗಟ್ಟಿ ಇರುವ ಹಳೆಯದನ್ನು ಸ್ಪೇರ್ ಮಾಡಿಕೊಳ್ಳಿ. ಬಟ್ಟೆಯ ಚೀಲದಲ್ಲಿ, ಎಣ್ಣೆ ಬಿಸಿಲು ತಾಗದಂತೆ, ಮಡಿಚದೆ ಇಡಿ. ತಂದ ತಾರೀಕು ಬರೆದಿಡಿ. ರಬ್ಬರಿಗೆ ಕೂತಲ್ಲೇ ವಯಸ್ಸಾಗುತ್ತದೆ. ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದನ್ನು ತೋಟದ ಬೇಲಿ ಕಟ್ಟುವುದಕ್ಕೆ ಬಳಸಿ. ಅದರ ಜೊತೆಗೆ ಆ ಬೋಲ್ಟಿಗೆ ಹೊಂದುವ ಸ್ಪ್ಯಾನರನ್ನೂ ಇಡಿ. ಸ್ಪ್ಯಾನರಿಲ್ಲದ ಬೆಲ್ಟು ಹೊಲಿಗೆ ಸೂಜಿಯಿಲ್ಲದ ದಾರ.

ಅಂದು ನಾವು ಚಿಕ್ಕಮಗಳೂರು ತಲುಪಿದಾಗ ರಾತ್ರಿ ಎಂಟಾಗಿತ್ತು. ಮಾವನಿಗೆ ಪ್ರಜ್ಞೆ ಇರಲಿಲ್ಲ. ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದರಂತೆ. ನಾಲ್ಕು ಗಂಟೆಯ ಹೊತ್ತಿಗೆ ‘ತಂಗಿ ಬಂದಳಾ?’ ಎಂದು ಕೇಳಿದ್ದರಂತೆ. ಅತ್ತೆ ಇದನ್ನು ನಮ್ಮನ್ನು ನೋಯಿಸಬೇಕೆಂದು ಹೇಳಲಿಲ್ಲ, ಸುಮ್ಮನೆ ಹೇಳಿದರು. ಅಮ್ಮ ಅಣ್ಣನ ಕೈ ಹಿಡಿದು ರಾತ್ರಿಯೆಲ್ಲ ಕೂತಿದ್ದರು. ಎರಡು ದಿನ ಬಿಟ್ಟು ಮಾವ ಹೋದರು. ಮತ್ತೆ ಮಾತಾಡಲಿಲ್ಲ.

ಅಮ್ಮ ನನ್ನನ್ನು ಏನೂ ಅನ್ನಲಿಲ್ಲ. ‘ಗಾಡಿ ಅಲ್ಲವಾ, ಏನು ಮಾಡಲಿಕ್ಕಾಗುತ್ತದೆ’ ಎಂದು ನೆಂಟರ ಮುಂದೆ ನನ್ನ ಪರವಾಗಿಯೇ ಮಾತಾಡಿದರು. ಆದರೆ ಅದು ಗಾಡಿಯ ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ಗಾಡಿ ಹಳೆಯದು, ಬೆಲ್ಟು ಹರಿಯುವುದು ಅದರ ಧರ್ಮ. ಹಾಕಿ ನೋಡದ ಬೆಲ್ಟನ್ನು ನಂಬಿ ಎರಡು ಬಸ್ಸು ಬಿಟ್ಟದ್ದು ನಾನು.

ಆ ಅಂಬಾಸಡರ್ ಈಗಲೂ ನಮ್ಮ ಶೆಡ್ಡಿನಲ್ಲಿದೆ. ಬಾನೆಟ್ಟಿನ ಒಳಮೈಯಲ್ಲಿ ಬಿಳಿ ಬಣ್ಣದಿಂದ ಬೆಲ್ಟಿನ ಅಗಲ, ಒಳ ಅಳತೆ, ಹೊರ ಅಳತೆ ಮೂರನ್ನೂ ಬರೆಸಿದ್ದೇನೆ. ಅಮ್ಮನಿಗೆ ಬಾನೆಟ್ಟಿನೊಳಗೆ ಏನೇನಿದೆ ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ. ಆದರೆ ಎಲ್ಲಿಗಾದರೂ ದೂರ ಹೊರಟಾಗ, ಕಾಲು ಒಳಗಿಡುವ ಮೊದಲು ಒಂದು ಮಾತು ತಪ್ಪದೆ ಕೇಳುತ್ತಿದ್ದರು. ಬೆಲ್ಟು ಇಟ್ಟುಕೊಂಡಿದ್ದೀಯಾ ಎಂದಲ್ಲ.

‘ಹಾಕಿ ನೋಡಿದ್ದೀಯಾ?’ ಎಂದು.